ದೂರದ ತೋಟದ ಸೆನ್ಸರ್‌ಗಳಿಗೆ ವೇಳಾಪಟ್ಟಿ ಹಾಕುವ ಕ್ರಮ

ಮಲೆನಾಡಿನ ಕಾಫಿ ತೋಟದಲ್ಲಿ ಮಳೆಮಾಪಕ, ಮಣ್ಣಿನ ತೇವಾಂಶದ ಸೆನ್ಸರ್ ಮತ್ತು ಕೆರೆಯ ನೀರಿನ ಮಟ್ಟ ಅಳೆಯುವ ಸಾಧನಗಳನ್ನು ಅಳವಡಿಸಿ, ಊರಿಂದ ದೂರವಿದ್ದು ಅವನ್ನು ಗಮನಿಸುವವರು ಮೊದಲು ಒಂದು ವಿಷಯವನ್ನು ನಿಶ್ಚಯಿಸಿಕೊಳ್ಳಬೇಕು: ಪ್ರತಿಯೊಂದು ಅಳತೆಯನ್ನು ನಂಬಿ ಮಾಡುವ ಕೆಲಸ ಯಾವುದು, ಮತ್ತು ಆ ಕೆಲಸ ಎಷ್ಟು ಹೊತ್ತು ಕಾಯಬಲ್ಲದು? ಫೆಬ್ರವರಿ–ಮಾರ್ಚ್‌ನಲ್ಲಿ ರೊಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಹಾಕಬೇಕೋ, ಹೂ ಅರಳಿಸುವ ಹೂಮಳೆ ರಾತ್ರಿ ಬಿದ್ದದ್ದೇ ಸಾಕೋ ಎಂಬುದು ಬೆಳಿಗ್ಗೆ ಆಳುಗಳು ಪೈಪು ಹೊರುವ ಮೊದಲೇ ತಿಳಿಯಬೇಕು. ಕೆರೆಯ ಮಟ್ಟವಾದರೋ ಪಂಪ್ ಓಡದ ದಿನ ಆರು ಗಂಟೆಗೊಮ್ಮೆ ಬಂದರೂ ನಷ್ಟವಿಲ್ಲ.

ಅಳೆಯುವುದು ಬೇರೆ, ಕಳುಹಿಸುವುದು ಬೇರೆ. ಬ್ಯಾಟರಿ ಹೆಚ್ಚಾಗಿ ಖರ್ಚಾಗುವುದು ರೇಡಿಯೋ ಎಚ್ಚರವಾಗಿರುವಾಗ. ಇಂಥ ಸಾಧನಗಳನ್ನು ನಡೆಸುವ ಇಎಸ್‌ಪಿ32 ಚಿಪ್ ಗಾಢ ನಿದ್ರೆಯಲ್ಲಿ ಸುಮಾರು 10 ಮೈಕ್ರೊಆಂಪಿಯರ್ ಎಳೆದರೆ, ವೈಫೈನಲ್ಲಿ ಕಳುಹಿಸುವಾಗ 100 ಮಿಲಿಆಂಪಿಯರ್‌ಗೂ ಮೀರಿ ಎಳೆಯುತ್ತದೆ. ಆದ್ದರಿಂದ ಮಣ್ಣಿನ ತೇವಾಂಶವನ್ನು 15 ನಿಮಿಷಕ್ಕೊಮ್ಮೆ ಅಳೆದು ಸಾಧನದಲ್ಲೇ ಉಳಿಸಿಕೊಂಡು, ಗಂಟೆಗೊಮ್ಮೆ ನಾಲ್ಕನ್ನೂ ಒಟ್ಟಿಗೆ ಕಳುಹಿಸುವುದು ಒಳ್ಳೆಯ ಕ್ರಮ.

ಮಳೆಗೆ ಗಡಿಯಾರದ ವೇಳಾಪಟ್ಟಿ ಹೊಂದುವುದಿಲ್ಲ. ತಕ್ಕಡಿಯಂತೆ ವಾಲುವ ಬಟ್ಟಲಿನ ಮಾಪಕದಲ್ಲಿ ಒಂದು ವಾಲಿಕೆಗೆ 0.2 ಮಿಲಿಮೀಟರ್ ಎಂದು ಲೆಕ್ಕವಿದ್ದರೆ, ಪ್ರತಿ ವಾಲಿಕೆಯೂ ಸಾಧನವನ್ನು ಎಬ್ಬಿಸಿ ಎಣಿಕೆಗೆ ಒಂದನ್ನು ಸೇರಿಸುವಂತಿರಬೇಕು. ಮಳೆ ಶುರುವಾದಾಗ ಒಂದು ಸಂದೇಶ ಹೋಗಲಿ, ಆಮೇಲೆ ಸುರಿಯುವಷ್ಟು ಹೊತ್ತು 15 ನಿಮಿಷಕ್ಕೊಂದು. ಕಳುಹಿಸುವ ಸಂಖ್ಯೆ ಮಾತ್ರ ಕಳೆದ ಅವಧಿಯ ಮಳೆಯಾಗಿರದೆ, ಮೊದಲಿನಿಂದ ಆದ ಒಟ್ಟು ಎಣಿಕೆಯಾಗಿರಬೇಕು. ಗುಡುಗು–ಸಿಡಿಲಿನ ಹೊತ್ತಿಗೆ ಕರೆಂಟು, ನೆಟ್‌ವರ್ಕ್ ಎರಡೂ ಹೋಗುವುದು ಮಲೆನಾಡಿನಲ್ಲಿ ಮಾಮೂಲು. ಒಟ್ಟು ಎಣಿಕೆಯಿದ್ದರೆ ನಡುವೆ ಮೂರು ಸಂದೇಶ ಕಳೆದುಹೋದರೂ ನಾಲ್ಕನೆಯದು ಲೆಕ್ಕವನ್ನು ಸರಿಪಡಿಸುತ್ತದೆ.

ಕೆರೆ ಮತ್ತು ಟ್ಯಾಂಕಿಗೆ ಎರಡು ನಿಯಮಗಳನ್ನು ಜೋಡಿಸಬೇಕು. ಮಟ್ಟ 5 ಸೆಂಟಿಮೀಟರ್‌ಗಿಂತ ಹೆಚ್ಚು ಬದಲಾದ ಕೂಡಲೇ ಕಳುಹಿಸುವುದು ಮೊದಲನೆಯದು, ಏನೂ ಬದಲಾಗದಿದ್ದರೂ ಆರು ಗಂಟೆಗೊಮ್ಮೆ ‘ಇದ್ದೇನೆ’ ಎಂದು ತಿಳಿಸುವುದು ಎರಡನೆಯದು. ಎರಡನೆಯದನ್ನು ಬಿಟ್ಟರೆ ನೀರು ಸ್ಥಿರವಾಗಿದೆಯೋ ಸಾಧನವೇ ಸತ್ತಿದೆಯೋ ತಿಳಿಯುವುದಿಲ್ಲ. ನಮ್ಮ ತೋಟದಲ್ಲಿ ಒಮ್ಮೆ ಹೀಗೆಯೇ ಆಯಿತು: ಮೊಬೈಲ್ ತೋರಿಸುತ್ತಿದ್ದ ಮಟ್ಟ ಹಿಂದಿನ ದಿನದ್ದೆಂದು ಅರಿಯದೆ ಪಂಪ್ ಹಾಕಿಸಿ, ಅದು ನೀರಿಲ್ಲದೆ ಓಡಿ ಕೆಟ್ಟಿತು. ಪರದೆಯಲ್ಲಿ ಪ್ರತಿ ಅಂಕಿಯ ಪಕ್ಕದಲ್ಲಿ ಅದನ್ನು ಅಳೆದ ಸಮಯ ಇರಲೇಬೇಕು, ನಿಗದಿಯಾದ ಎರಡು ಸಂದೇಶ ತಪ್ಪಿದರೆ ಆ ಅಂಕಿಯ ಬಣ್ಣ ಬದಲಾಗಬೇಕು ಎಂದು ನಾನು ಒತ್ತಿ ಹೇಳುವುದು ಅದಕ್ಕಾಗಿ.

ಸಮಯದ ಮುದ್ರೆಯನ್ನು ಒತ್ತಬೇಕಾದದ್ದು ಅಳೆದ ಕ್ಷಣದಲ್ಲಿ. ಸರ್ವರ್‌ಗೆ ತಲುಪಿದ ಸಮಯವನ್ನೇ ಬರೆದುಕೊಂಡರೆ, ನೆಟ್‌ವರ್ಕ್ ಮರಳಿದ ಮೇಲೆ ಬಂದ ರಾತ್ರಿಯ ಮಳೆ ಬೆಳಗಿನ ಮಳೆಯಾಗಿ ದಾಖಲಾಗುತ್ತದೆ. ಡಿಎಸ್3231 ಗಡಿಯಾರ ಚಿಪ್ ಸಾಮಾನ್ಯ ಉಷ್ಣಾಂಶದಲ್ಲಿ ವರ್ಷಕ್ಕೆ ಒಂದು ನಿಮಿಷದಷ್ಟೇ ಆಚೀಚೆಯಾಗುವುದರಿಂದ ತೋಟಕ್ಕೆ ಧಾರಾಳವಾಗಿ ಸಾಕು. ಸರ್ವರ್ ವಿಶ್ವಸಮಯದಲ್ಲಿ (ಯುಟಿಸಿ) ಲೆಕ್ಕ ಇಡುವುದಾದರೆ, ಪರದೆಯಲ್ಲಿ ಸಮಯ ತೋರಿಸುವಾಗ ಮಾತ್ರ ನಮ್ಮ ಐದೂವರೆ ಗಂಟೆಯ ವ್ಯತ್ಯಾಸವನ್ನು ಕೂಡಿಸಿ. ಭಾರತೀಯ ಹವಾಮಾನ ಇಲಾಖೆಯ ಮಳೆಯ ದಿನ ಮುಗಿಯುವುದು ಬೆಳಿಗ್ಗೆ 8:30ಕ್ಕೆ ಎಂಬುದೂ ನೆನಪಿರಲಿ. ನಡುರಾತ್ರಿಗೆ ದಿನ ಮುಗಿಸಿದ ಲೆಕ್ಕ ಅದರೊಡನೆ ತಾಳೆಯಾಗುವುದಿಲ್ಲ.

ಹತ್ತಾರು ಸಾಧನಗಳು ಕಡಿಮೆ ವಿದ್ಯುತ್ತಿನಲ್ಲಿ ದೂರಕ್ಕೆ ಕಳುಹಿಸುವ ಲೋರಾ ರೇಡಿಯೋದಲ್ಲಿ, ಸಂದೇಶಗಳನ್ನು ಇಂಟರ್ನೆಟ್‌ಗೆ ದಾಟಿಸುವ ಒಂದೇ ಗೇಟ್‌ವೇಗೆ ಮಾತನಾಡುತ್ತಿದ್ದರೆ ಎಲ್ಲವೂ ಗಂಟೆಯ ಮೊದಲ ನಿಮಿಷಕ್ಕೆ ಎದ್ದು ಸಂದೇಶಗಳು ಡಿಕ್ಕಿಯಾಗದಂತೆ, ಒಂದೊಂದಕ್ಕೆ ಒಂದೊಂದು ನಿಮಿಷ ಹಂಚಿ.

ಜೂನ್‌ನಿಂದ ಆಗಸ್ಟ್‌ವರೆಗೆ ಸೋಲಾರ್ ಫಲಕಕ್ಕೆ ಬಿಸಿಲೇ ಸಿಗದ ವಾರಗಳಿರುತ್ತವೆ. ಲಿಥಿಯಂ ಸೆಲ್ 3.5 ವೋಲ್ಟ್‌ಗೆ ಇಳಿದಾಗ ಮಣ್ಣಿನ ತೇವಾಂಶದ ಸರದಿಯನ್ನು ಆರು ಗಂಟೆಗೊಮ್ಮೆ ಎಂದು ಸಾಧನ ತಾನೇ ಹಿಗ್ಗಿಸಿಕೊಳ್ಳುವಂತೆ ಮೊದಲೇ ಬರೆದಿಡಿ. ಮಳೆಮಾಪಕದ ಎಣಿಕೆಯನ್ನು ಮಾತ್ರ ಮುಟ್ಟಬೇಡಿ. ವೇಳಾಪಟ್ಟಿ ಹಾಕಿದ ಮೊದಲ ಎರಡು ವಾರ, ತೋಟದ ಲೆಕ್ಕ ಬರೆಯುವ ರೈಟರು ಗಾಜಿನ ಅಳತೆಯಲ್ಲಿ ನೋಡಿ ಇಂಚು–ಸೆಂಟ್ (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲಿ ಬರೆದ ಮಳೆಯನ್ನು ದಿನವೂ 8:30ಕ್ಕೆ ಕೇಳಿ, ಒಂದು ಇಂಚಿಗೆ 25.4 ಮಿಲಿಮೀಟರ್‌ನಂತೆ ಪರಿವರ್ತಿಸಿ ಪರದೆಯ ಅಂಕಿಯೊಡನೆ ಹೋಲಿಸಿ ನೋಡಿ.