ಎಲೆಕ್ಷನ್ ಟೈಮಲ್ಲಿ ಫೋನಿಗೆ ಬಂದಿದ್ದನ್ನ ನಂಬೋ ಮುಂಚೆ ಏನೇನ್ ನೋಡ್ಬೇಕು

2023ರ ಮೇ 10, ವಿಧಾನಸಭೆ ಎಲೆಕ್ಷನ್ ದಿನ, ನಮ್ ದೊಡ್ಡಪ್ಪ ಬೆಳಿಗ್ಗೆನೇ ಸ್ನಾನ ಮಾಡಿ ಇಸ್ತ್ರಿ ಮಾಡಿದ ಬಿಳಿ ಶರ್ಟ್ ಹಾಕ್ಕೊಂಡು ಬೂತಿಗೆ ಹೋದ್ರು, ಮುಕ್ಕಾಲು ಗಂಟೆ ಕ್ಯೂನಲ್ಲಿ ನಿಂತ್ರು, ಒಳಗೆ ಹೋದ್ರೆ ಲಿಸ್ಟಲ್ಲಿ ಹೆಸರೇ ಇಲ್ಲ. ಆದ್ರೂ ಗಾಬರಿ ಆಗ್ಲಿಲ್ಲ, ಆಧಾರ್ ತೆಗ್ದು "ಚಾಲೆಂಜ್ ವೋಟ್ ಕೊಡಿ" ಅಂದ್ರಂತೆ. ಹಿಂದಿನ ರಾತ್ರಿ ಫ್ಯಾಮಿಲಿ ಗ್ರೂಪಲ್ಲಿ ಹಂಗಂತ ಮೆಸೇಜ್ ಬಂದಿತ್ತು, ನಾನೂ ಓದಿದ್ದೆ, ಓದಿ ಸುಮ್ನಿದ್ದೆ. ಬೂತಲ್ಲಿದ್ದವ್ರು "ಹಂಗೇನಿಲ್ಲ ಯಜಮಾನ್ರೇ" ಅಂತ ಸಮಾಧಾನವಾಗಿ ಹೇಳಿ ಕಳ್ಸಿದ್ರು. ಮನೆಗೆ ಬಂದು ಶರ್ಟೂ ಬಿಚ್ಚದೆ ಕೂತು ಶಾಯಿ ಇಲ್ಲದ ಬೆರಳು ನೋಡ್ಕೋತಾ ಇದ್ರು. ಆ ಶಾಯಿ ತಯಾರಾಗೋದು ನಮ್ಮ ಮೈಸೂರಲ್ಲೇ, ಮೈಸೂರ್ ಪೇಂಟ್ಸ್ ಅಂಡ್ ವಾರ್ನಿಷ್‌ನಲ್ಲಿ, ಇಡೀ ದೇಶಕ್ಕೆ ಹೋಗುತ್ತೆ, ನಮ್ ದೊಡ್ಡಪ್ಪನ ಬೆರಳಿಗೆ ಮಾತ್ರ ಅವತ್ತು ಬರ್ಲಿಲ್ಲ.

ಆ ಮೆಸೇಜನ್ನೇ ಮೊದಲು ಬಿಡಿಸಿ ನೋಡೋಣ, ಯಾಕಂದ್ರೆ ಪ್ರತಿ ಎಲೆಕ್ಷನ್ನಿಗೂ ಅದೇ ವಾಪಸ್ ಬರುತ್ತೆ. ಲಿಸ್ಟಲ್ಲಿ ಹೆಸರಿಲ್ದಿದ್ರೆ ಸೆಕ್ಷನ್ 49ಎ ಪ್ರಕಾರ ಆಧಾರ್ ತೋರ್ಸಿ ಚಾಲೆಂಜ್ ವೋಟ್ ಹಾಕಿ, ನಿಮ್ಮ ವೋಟ್ ಬೇರೆಯವ್ರು ಹಾಕಿದ್ರೆ ಟೆಂಡರ್ ವೋಟ್ ಕೇಳಿ, ಟೆಂಡರ್ ವೋಟ್ ಶೇ. 14 ದಾಟಿದ್ರೆ ಆ ಬೂತಲ್ಲಿ ಮರುಮತದಾನ, ಇಷ್ಟು ಅದ್ರಲ್ಲಿರೋದು. ಇದ್ರಲ್ಲಿ ಟೆಂಡರ್ ವೋಟ್ ನಿಜ. ನಿಮ್ಮ ಹೆಸರಲ್ಲಿ ಬೇರೆ ಯಾರೋ ಹಾಕಿ ಹೋಗಿದ್ರೆ, ನೀವೇ ಆ ವ್ಯಕ್ತಿ ಅಂತ ಖಾತ್ರಿ ಆದ್ಮೇಲೆ ಮೆಷಿನ್ ಅಲ್ಲ, ಪೇಪರ್ ಬ್ಯಾಲೆಟ್ ಕೊಡ್ತಾರೆ, 1961ರ ಚುನಾವಣಾ ನಿಯಮಗಳಲ್ಲಿ 49ಪಿ ಅದು. ಚಾಲೆಂಜ್ ವೋಟ್ ಅನ್ನೋದೂ ಇದೆ, ಆದ್ರೆ ಅರ್ಥ ಪೂರ್ತಿ ಉಲ್ಟಾ: ಪಕ್ಷದ ಏಜೆಂಟು "ಇವ್ರು ಆ ವ್ಯಕ್ತಿ ಅಲ್ಲ" ಅಂತ 2 ರೂಪಾಯಿ ಕಟ್ಟಿ ನಿಮ್ಮನ್ನ ಪ್ರಶ್ನೆ ಮಾಡೋದು ಅದು. 49ಎ ಅಂದ್ರೆ ವೋಟಿಂಗ್ ಮೆಷಿನ್ ಹೇಗಿರ್ಬೇಕು ಅನ್ನೋ ನಿಯಮ. ಶೇ. 14ರ ಕಥೆ ಯಾವ ನಿಯಮದಲ್ಲೂ ಇಲ್ಲ. ಹೆಸರಿಲ್ದೆ ವೋಟೇ ಇಲ್ಲ, ಯಾವ ಕಾರ್ಡ್ ತೋರ್ಸಿದ್ರೂ ಇಲ್ಲ.

ಹಾಗಾಗಿ ಒಂದು ಮೆಸೇಜಲ್ಲಿ ಒಂದು ಮಾತು ನಿಜ ಅಂತ ಗೊತ್ತಾಯ್ತು ಅಂದ ಮಾತ್ರಕ್ಕೆ ಉಳಿದಿದ್ದನ್ನೂ ನಂಬ್ಬೇಡಿ, ಒಂದೊಂದು ವಾಕ್ಯನೂ ಬೇರೆ ಬೇರೆ ಮಾಡಿ ನೋಡಿ. ಸೆಕ್ಷನ್ ನಂಬರ್ ಇದ್ರೆ ಆ ನಂಬರನ್ನೇ ಹುಡುಕಿ. ವೋಟರ್ ಲಿಸ್ಟ್ ವಿಷಯ ಆದ್ರೆ ಫಾರ್ವರ್ಡ್ ಓದೋದೇ ಬೇಡ, ಚುನಾವಣಾ ಆಯೋಗದ ಸಹಾಯವಾಣಿ 1950ಕ್ಕೆ ಫೋನ್ ಮಾಡಿ ಇಲ್ಲಾ ಆಯೋಗದ ಆಪಲ್ಲಿ ಹೆಸರು ನೋಡಿ, ಅದೂ ಎಲೆಕ್ಷನ್ ಡಿಕ್ಲೇರ್ ಆಗೋ ಮುಂಚೆನೇ, ಯಾಕಂದ್ರೆ ನಾಮಪತ್ರದ ಕೊನೆ ದಿನ ಆದ್ಮೇಲೆ ಹೆಸರು ಸೇರ್ಸೋಕಾಗಲ್ಲ.

ಫೋಟೋ ವಿಡಿಯೋ ಬಂದ್ರೆ ಸ್ಕ್ರೀನ್‌ಶಾಟ್ ತೆಗ್ದು ಗೂಗಲ್ ಲೆನ್ಸಿಗೆ ಹಾಕಿ, ಅದೇ ಫೋಟೋ ಮುಂಚೆ ಎಲ್ಲೆಲ್ಲಿ ಬಂದಿತ್ತು ಅಂತ ಹುಡುಕಿ ತೋರ್ಸುತ್ತೆ. ನಿನ್ನೆ ನಮ್ಮೂರ ರ‍್ಯಾಲಿ ಅಂತ ಬರೋದು ಎಷ್ಟೋ ಸಲ ಬೇರೆ ರಾಜ್ಯದ್ದು, ನಾಲ್ಕು ವರ್ಷ ಹಳೇದು. ಅಂಗಡಿ ಬೋರ್ಡಿನ ಭಾಷೆ, ಬಸ್ಸಿನ ಬಣ್ಣ, ಗಾಡಿ ನಂಬರ್ ಪ್ಲೇಟು, ಇವನ್ನ ಝೂಮ್ ಮಾಡಿ ನೋಡಿದ್ರೆ ಅರ್ಧ ಕೆಲಸ ಮುಗೀತು. ಚಾನೆಲ್ ಲೋಗೋ ಇರೋ ಬ್ರೇಕಿಂಗ್ ನ್ಯೂಸ್ ಕಾರ್ಡ್ ಬಂದ್ರೆ ಆ ಚಾನೆಲ್ಲಿನ ಸ್ವಂತ ಪೇಜಿಗೆ ಹೋಗಿ ಅದಿದ್ಯಾ ನೋಡಿ, ಲೋಗೋ ಅಂಟ್ಸೋಕೆ ಎರಡು ನಿಮಿಷ ಸಾಕು. ಲೀಡರ್ ವಾಯ್ಸು ಬರೀ ಆಡಿಯೋ ಮಾತ್ರ ಬಂದಿದ್ರೆ ಇನ್ನೂ ಹುಷಾರು, ಈಗ ಎಐಯಲ್ಲಿ ಧ್ವನಿ ಮಾಡೋದು ಸುಲಭ. ಫ್ಯಾಕ್ಟ್ ಚೆಕ್ ಕನ್ನಡದಲ್ಲೂ ಸಿಗುತ್ತೆ, ನ್ಯೂಸ್‌ಚೆಕರ್‌ನಲ್ಲಿ ನೋಡ್ಬೋದು.

ಇನ್ನೊಂದು, ನನಗೆ ತುಂಬಾ ಮುಖ್ಯ ಅನ್ಸೋದು ದುಡ್ಡಿನ ವಿಷಯ. ಫೇಸ್‌ಬುಕ್ ಇನ್‌ಸ್ಟಾದಲ್ಲಿ ಪಕ್ಷದ ಹೆಸರೇ ಇಲ್ಲದ ಪೇಜುಗಳು ಒಬ್ಬ ಲೀಡರನ್ನ ಬಯ್ತಾ ಇನ್ನೊಬ್ಬರನ್ನ ಹೊಗಳ್ತಾ ಸ್ಪಾನ್ಸರ್ಡ್ ಆಗಿ ಬರ್ತವೆ. ಫೇಸ್‌ಬುಕ್ ಕಂಪನಿ ಜಾಹೀರಾತುಗಳ ಲೆಕ್ಕ ಇಟ್ಟಿರೋ ಮೆಟಾ ಆಡ್ ಲೈಬ್ರರಿ ಅನ್ನೋ ವೆಬ್‌ಪೇಜ್ ಓಪನ್ ಮಾಡಿ, ಇಂಡಿಯಾ ಆರಿಸಿ, ರಾಜಕೀಯ ಜಾಹೀರಾತು ಅನ್ನೋದನ್ನ ಒತ್ತಿ, ಪೇಜಿನ ಹೆಸರು ಹಾಕಿ. ಯಾರು ದುಡ್ಡು ಕೊಟ್ಟಿದ್ದು, ಸುಮಾರು ಎಷ್ಟು, ಯಾವ ರಾಜ್ಯದಲ್ಲಿ ಯಾವ ವಯಸ್ಸಿನವ್ರಿಗೆ ತೋರ್ಸಿದ್ರು, ಎಲ್ಲ ಕಾಣುತ್ತೆ. ಯೂಟ್ಯೂಬ್ ಜಾಹೀರಾತಿಗೆ ಗೂಗಲ್ಲಿಂದು ಇಂಥದ್ದೇ ಇದೆ. ಕರ್ನಾಟಕದಲ್ಲಿ ವಿಧಾನಸಭೆ ಅಭ್ಯರ್ಥಿಗೆ ಖರ್ಚಿನ ಮಿತಿ 40 ಲಕ್ಷ, ಸೋಶಿಯಲ್ ಮೀಡಿಯಾ ಪ್ರಚಾರದ ಖರ್ಚೂ ಅದ್ರೊಳಗೇ ಬರ್ಬೇಕು, ಆದ್ರೆ ಯಾರದೋ ಹೆಸರಿಲ್ಲದ ಪೇಜು ಖರ್ಚು ಮಾಡಿದ್ರೆ ಲೆಕ್ಕಕ್ಕೆ ಬರೋದು ಕಷ್ಟ, ಅದಕ್ಕೇ ನಾವು ನೋಡ್ಬೇಕು. ಪೇಪರಲ್ಲೂ ಹಂಗೇ. ಎರಡು ಮೂರು ಪೇಪರಲ್ಲಿ ಒಬ್ಬರೇ ಅಭ್ಯರ್ಥಿ ಬಗ್ಗೆ ಹೆಚ್ಚೂಕಮ್ಮಿ ಅದೇ ಸಾಲುಗಳು, ಬರೆದವ್ರ ಹೆಸರಿಲ್ಲ, ಪ್ರಶ್ನೆ ಒಂದೂ ಇಲ್ಲ ಅಂದ್ರೆ ಅದು ದುಡ್ಡಿನ ಸುದ್ದಿ ಇರ್ಬೋದು ಅಂತ ಅನುಮಾನ ಇಟ್ಕೊಂಡೇ ಓದಿ. ಇದನ್ನ ನೋಡೋಕೆ ಜಿಲ್ಲೆಗೊಂದು ಮಾಧ್ಯಮ ಕಣ್ಗಾವಲು ಸಮಿತಿ ಇರುತ್ತೆ, ಎಂಸಿಎಂಸಿ ಅಂತಾರೆ, ಕಟಿಂಗ್ ಸಮೇತ ಅಲ್ಲಿಗೆ ದೂರು ಕೊಡ್ಬೋದು.

ಮತದಾನ ಮುಗಿಯೋ ಮುಂಚಿನ ಕೊನೇ 48 ಗಂಟೆ ಅಂತೂ ಬೇರೇನೇ. ಬಹಿರಂಗ ಪ್ರಚಾರ ನಿಂತಿರುತ್ತೆ, ಒಪಿನಿಯನ್ ಪೋಲ್ ತೋರ್ಸೋ ಹಾಗಿಲ್ಲ, ಎಕ್ಸಿಟ್ ಪೋಲೂ ಮತದಾನ ಪೂರ್ತಿ ಮುಗಿಯೋ ತನಕ ಇಲ್ಲ. ಅಂದ್ರೆ ಮಧ್ಯಾಹ್ನ ಹನ್ನೆರಡಕ್ಕೆ "ಎಕ್ಸಿಟ್ ಪೋಲ್ ಲೀಕ್" ಅಂತ ಬಂದ್ರೆ ಸುಳ್ಳಿರ್ಬೇಕು ಇಲ್ಲಾ ಕಾನೂನು ಮುರಿದಿರ್ಬೇಕು, ಓದೋ ಅಗತ್ಯನೇ ಇಲ್ಲ. ದುಡ್ಡು, ಸೀರೆ, ಕುಕ್ಕರ್ ಹಂಚೋದು ಕಣ್ಣಾರೆ ಕಂಡ್ರೆ ಸ್ಟೇಟಸ್ಸಿಗೆ ಹಾಕೋ ಬದ್ಲು ಚುನಾವಣಾ ಆಯೋಗಕ್ಕೆ ದೂರು ಕೊಡೋ ಸಿ-ವಿಜಿಲ್‌ನಲ್ಲಿ ಹಾಕಿ. ಫೋಟೋ ಆಪ್ ಒಳಗೇ ತೆಗೀಬೇಕು, ಗ್ಯಾಲರಿಯಿಂದ ಹಾಕೋಕಾಗಲ್ಲ, ತೆಗ್ದ ಐದು ನಿಮಿಷದೊಳಗೆ ಕಳಿಸ್ಬೇಕು, ಜಾಗ ತಾನಾಗೇ ಗುರುತಾಗುತ್ತೆ, 100 ನಿಮಿಷದಲ್ಲಿ ಕ್ರಮ ಅನ್ನೋದು ಅವ್ರ ಗುರಿ. ಹೆಸರು ಹೇಳ್ದೇನೂ ದೂರು ಕೊಡ್ಬೋದು.

ಮನೆಯವ್ರು ಸುಳ್ಳು ಮೆಸೇಜ್ ಹಾಕಿದ್ರೆ ಗ್ರೂಪಲ್ಲೇ "ಫೇಕ್" ಅಂತ ಬರೀಬೇಡಿ, ದೊಡ್ಡವ್ರಿಗೆ ಎಲ್ರ ಮುಂದೆ ಅವಮಾನ ಆಗುತ್ತೆ, ಆಮೇಲೆ ಹಠಕ್ಕೆ ಇನ್ನೆರಡು ಹಾಕ್ತಾರೆ. ಫೋನ್ ಮಾಡಿ, "ದೊಡ್ಡಪ್ಪ, ನೀವು ಹಾಕಿದ್ರಲ್ಲ, ಅದ್ರಲ್ಲಿ ಇಷ್ಟು ಸರಿ ಇದೆ, ಇಷ್ಟು ತಪ್ಪಿದೆ" ಅನ್ನಿ, ಸರಿ ಇರೋದನ್ನ ಮೊದಲು ಹೇಳಿ. ನೀವೇ ತಪ್ಪು ಕಳಿಸಿದ್ರೆ ವಾಟ್ಸಾಪಲ್ಲಿ ಎಲ್ಲರಿಗೂ ಡಿಲೀಟ್ ಮಾಡೋಕೆ ಎರಡು ದಿನದವರೆಗೆ ಟೈಮಿದೆ, ಆದ್ರೆ ಬರೀ ಅಳಿಸಿ ಬಿಡ್ಬೇಡಿ, ಓದಿದವ್ರ ತಲೇಲಿ ಅದು ಕೂತಿರುತ್ತೆ, ಕೆಳಗಡೆ ಸರಿಯಾದ್ದನ್ನ ಎರಡೇ ಸಾಲಲ್ಲಿ ಬರೆದು ಹಾಕಿ.