ಹುಟ್ಟಿನಿಂದಲೇ ಶ್ವಾಸಕೋಶದಲ್ಲಿ ದೋಷ: ಪತ್ತೆ ಹೇಗೆ, ಆಪರೇಷನ್ ಯಾವಾಗ?

ಐದನೇ ತಿಂಗಳ ಸ್ಕ್ಯಾನ್‌ನಲ್ಲಿ ‘ಮಗುವಿನ ಎದೆಯಲ್ಲಿ ಗುಳ್ಳೆ ಥರ ಕಾಣ್ತಿದೆ’ ಎಂದರೆ ಯಾರಿಗಾದರೂ ಕೈಕಾಲು ಆಡುವುದಿಲ್ಲ. ಧೈರ್ಯ ತಂದುಕೊಳ್ಳಿ. ಇಂಥ ಮಕ್ಕಳಲ್ಲಿ ಹೆಚ್ಚಿನವರು ಚೆನ್ನಾಗಿಯೇ ಹುಟ್ಟುತ್ತಾರೆ.

ಮೊದಲ ಹೆಜ್ಜೆ, 18ರಿಂದ 20 ವಾರದ ಅನಾಮಲಿ ಸ್ಕ್ಯಾನ್. ಗುಳ್ಳೆಯ ಗಾತ್ರವನ್ನು ಮಗುವಿನ ತಲೆಯ ಸುತ್ತಳತೆಗೆ ಹೋಲಿಸಿ ಒಂದು ಅಂಕಿ ತೆಗೆಯುತ್ತಾರೆ. ಅದು 1.6 ದಾಟಿದರೆ ಮಗುವಿನ ಮೈಯಲ್ಲಿ ನೀರು ತುಂಬುವ ಅಪಾಯ ಜಾಸ್ತಿ. ಆಗ ಪದೇಪದೇ ಸ್ಕ್ಯಾನ್ ಬೇಕು. ಕೆಲವು ಬಗೆಯ ಗುಳ್ಳೆಗಳಿದ್ದರೆ ತಾಯಿಗೆ ಸ್ಟೆರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ.

ಎಡವುವುದು ಮುಂದಿನ ಹೆಜ್ಜೆಯಲ್ಲಿ. ದಿನ ತುಂಬುತ್ತಾ ಬಂದಂತೆ ಗುಳ್ಳೆ ಸ್ಕ್ಯಾನ್‌ನಲ್ಲಿ ಕಾಣದೇ ಹೋಗಬಹುದು. ಹುಟ್ಟಿದ ಮೇಲೆ ಎಕ್ಸ್-ರೇಯಲ್ಲೂ ಏನೂ ಸಿಗದಿರಬಹುದು. ‘ಹೋಯ್ತು ಬಿಡಿ’ ಅಂತ ಸುಮ್ನಾಗಬೇಡಿ. ಕಾಂಟ್ರಾಸ್ಟ್ (ರಕ್ತನಾಳಗಳು ಎದ್ದು ಕಾಣಲು ಕೊಡುವ ದ್ರವ) ಹಾಕಿ ಸಿಟಿ ಸ್ಕ್ಯಾನ್ ಮಾಡಿಸಲೇಬೇಕು. ಮಗು ಆರಾಮಾಗಿದ್ದರೆ ಕೆಲವು ತಿಂಗಳು ಬಿಟ್ಟು ಮಾಡಿಸಿದರೂ ಆದೀತು.

ಕಾಂಟ್ರಾಸ್ಟ್ ಯಾಕೆ? ಸೀಕ್ವೆಸ್ಟ್ರೇಶನ್ ಎಂಬ ದೋಷದಲ್ಲಿ ಕೆಟ್ಟ ಭಾಗಕ್ಕೆ ರಕ್ತ ನೇರವಾಗಿ ಮಹಾಧಮನಿಯಿಂದ ಬರುತ್ತದೆ. ಕೆಲವೊಮ್ಮೆ ಆ ನಾಳ ಹೊಟ್ಟೆಯೊಳಗಿಂದ ಹೊರಟು, ವಪೆ (ಎದೆ, ಹೊಟ್ಟೆಯ ನಡುವಿನ ಸ್ನಾಯುವಿನ ಪರದೆ) ದಾಟಿ ಎದೆಗೆ ಬಂದಿರುತ್ತದೆ. ಗೊತ್ತಿಲ್ಲದೆ ಕತ್ತರಿಸಿದರೆ ತುದಿ ವಪೆಯ ಕೆಳಗೆ ಜಾರಿಬಿಡುತ್ತದೆ, ರಕ್ತ ನಿಲ್ಲಿಸುವುದೇ ಕಷ್ಟ. ಅದಕ್ಕೇ ಸರ್ಜನ್ ಮೊದಲು ಆ ನಾಳ ಹುಡುಕಿ ಕಟ್ಟುತ್ತಾರೆ.

ಸ್ಕ್ಯಾನ್‌ನಲ್ಲಿ ಸಿಗದೆ ದಾಟಿಹೋದ ಮಕ್ಕಳಿಗೆ ಒಂದೇ ಜಾಗದಲ್ಲಿ ಮತ್ತೆ ಮತ್ತೆ ನಿಮೋನಿಯಾ ಬರಬಹುದು. ಬೆಂಗಳೂರಿನ ಚಳಿ, ಧೂಳು ಅಂತ ಹೇಳಿ ಮುಗಿಸುವುದು ಸುಲಭ. ಆದರೆ ಧೂಳಿನಿಂದ ಪ್ರತಿ ಸಲವೂ ಎಡಗಡೆಯ ಕೆಳಭಾಗವೇ ಕೆಡುವುದಿಲ್ಲ, ಅಲ್ವಾ? ಹಳೇ ಎಕ್ಸ್-ರೇಗಳನ್ನು ಬಿಸಾಡಬೇಡಿ. ಎಲ್ಲವನ್ನೂ ಒಟ್ಟಿಗೆ ಡಾಕ್ಟರ ಮುಂದಿಡಿ.

ಉಸಿರಾಟಕ್ಕೆ ತೊಂದರೆಯಿದ್ದರೆ ಆಪರೇಷನ್ ತಕ್ಷಣ ಬೇಕು. ಇಲ್ಲದಿದ್ದರೆ ಹಲವು ಸರ್ಜನ್‌ಗಳು ಮೊದಲ ವರ್ಷದೊಳಗೆ ಮಾಡುತ್ತಾರೆ. ಕಾದು ನೋಡೋಣ ಎನ್ನುವವರೂ ಇದ್ದಾರೆ. ನನ್ನ ಮಟ್ಟಿಗೆ ತೆಗೆಸುವುದೇ ಸರಿ. ಒಮ್ಮೆ ಸೋಂಕಾದರೆ ಅಂಗಾಂಶ ಅಂಟಿಕೊಂಡು ಆಪರೇಷನ್ ಕಷ್ಟವಾಗುತ್ತದೆ, ಅಪರೂಪಕ್ಕೆ ಕ್ಯಾನ್ಸರ್ ಕೂಡ ಬಂದೀತು. ಸಾಮಾನ್ಯವಾಗಿ ದೋಷವಿರುವ ಒಂದು ಹಾಲೆಯನ್ನಷ್ಟೇ (ಶ್ವಾಸಕೋಶದ ಒಂದು ಭಾಗ) ತೆಗೆಯುತ್ತಾರೆ, ಎಷ್ಟೋ ಸಲ ಸಣ್ಣ ರಂಧ್ರಗಳ ಮೂಲಕವೇ. ಎಳೆಯ ಮಗುವಿನ ಶ್ವಾಸಕೋಶ ಇನ್ನೂ ಬೆಳೆಯುತ್ತಿರುತ್ತದೆ, ಉಳಿದ ಭಾಗ ಆ ಜಾಗವನ್ನು ತುಂಬಿಕೊಳ್ಳುತ್ತದೆ.

ಬೆಂಗಳೂರಲ್ಲಿ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಲ್ಲಿ ಮಕ್ಕಳ ಸರ್ಜರಿ ವಿಭಾಗವಿದೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ನೆರವು ಸಿಗುತ್ತದಾ ಎಂದು ಅಡ್ಮಿಟ್ ಆಗುವ ಮೊದಲೇ ಕೇಳಿ. ತೆಗೆದ ಭಾಗ ಬಯಾಪ್ಸಿಗೆ ಹೋಗುತ್ತದೆ. ಡಿಸ್ಚಾರ್ಜ್ ಆದ ಮೇಲೂ ಆ ರಿಪೋರ್ಟ್ ಬಂತಾ ಎಂದು ವಿಚಾರಿಸಿ, ಕೈಗೆ ಪಡೆದುಕೊಳ್ಳಿ.