ಟೈಮ್‌ಲೈನ್‌ನಲ್ಲಿ ಚೆನ್ನ, ರೆಂಡರ್‌ನಲ್ಲಿ ಹಸಿರು: ಗ್ಲಿಚ್ ಹುಡುಕಿದ ನನ್ನ ಅನುಭವ

ಟೈಮ್‌ಲೈನ್‌ನಲ್ಲಿ, ಅಂದರೆ ಕ್ಲಿಪ್‌ಗಳನ್ನು ಸಾಲಾಗಿ ಜೋಡಿಸುವ ಪಟ್ಟಿಯಲ್ಲಿ, ಎಡಿಟ್ ಮಾಡುವಾಗ ಎಲ್ಲವೂ ಸರಿಯಾಗಿಯೇ ಓಡುತ್ತಿತ್ತು. ರೆಂಡರ್ ಆದ, ಅಂದರೆ ಎಡಿಟ್ ಮುಗಿಸಿ ಒಂದೇ ವಿಡಿಯೊ ಆಗಿ ಹೊರತೆಗೆದ ಫೈಲನ್ನು ತೆರೆದರೆ ಅಲ್ಲಲ್ಲಿ ಹಸಿರು ಚೌಕಗಳು, ಎಲ್ಲೋ ಒಂದು ಕಡೆ ಮಿಂಚಿ ಮಾಯವಾಗುವ ಕಪ್ಪು ಫ್ರೇಮ್, ಹಿಂಬದಿಯ ನೀಲಿ ಪರದೆಯಲ್ಲಿ ಪಟ್ಟೆ ಪಟ್ಟೆ. ಒಂದೂವರೆ ಗಂಟೆಯ ನಾಟಕದ ಚಿತ್ರೀಕರಣ ಅದು: ಎರಡು ಕ್ಯಾಮೆರಾ, ಜೊತೆಗೆ ರಂಗದ ಬದಿಯಲ್ಲಿ ನಿಂತು ಯಾರೋ ಫೋನಿನಲ್ಲಿ ತೆಗೆದ ಫುಟೇಜ್. ಮೂರು ದೋಷಗಳಿಗೆ ಮೂರು ಬೇರೆ ಕಾರಣಗಳಿದ್ದವು. ಅದು ಗೊತ್ತಾಗಿದ್ದು ಮಾತ್ರ ಒಂದೇ ದಾರಿಯಲ್ಲಿ.

ಇಂಥ ಹೊತ್ತಿನಲ್ಲಿ ಕೋಡೆಕ್ (ವಿಡಿಯೊ ಕುಗ್ಗಿಸಿಡುವ ವಿಧಾನ) ಬದಲಿಸಿ, ಬಿಟ್‌ರೇಟ್ (ಸೆಕೆಂಡಿಗೆ ಬಳಸುವ ಮಾಹಿತಿಯ ಪ್ರಮಾಣ) ಏರಿಸಿ, ಕೊನೆಗೆ ಸಾಫ್ಟ್‌ವೇರನ್ನೇ ಕಿತ್ತು ಮತ್ತೆ ಹಾಕಿ, ಪ್ರತಿ ಸಲವೂ ಇಡೀ ವಿಡಿಯೊ ರೆಂಡರ್‌ಗೆ ಬಿಟ್ಟು ಕಾಯುವವರೇ ಹೆಚ್ಚು. ನಾನು ಯಾವ ಸೆಟ್ಟಿಂಗನ್ನೂ ಮುಟ್ಟುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ: ದೋಷ ನಿಂತಲ್ಲೇ ನಿಂತಿದೆಯೋ, ಜಾಗ ಬದಲಿಸುತ್ತಿದೆಯೋ?

ಅದಕ್ಕೂ ಮುಂಚೆ ಪ್ಲೇಯರ್ ಮೇಲಿನ ಅನುಮಾನ ಕಳೆದುಕೊಳ್ಳಬೇಕು. ಅದೇ ಫೈಲನ್ನು ಇನ್ನೊಂದು ಪ್ಲೇಯರ್‌ನಲ್ಲಿ ತೆರೆಯುತ್ತೇನೆ, ಅಥವಾ ವಿಎಲ್‌ಸಿ ಪ್ಲೇಯರ್‌ನಲ್ಲಿ ಹಾರ್ಡ್‌ವೇರ್ ಡಿಕೋಡಿಂಗ್ (ಫೈಲನ್ನು ಚಿತ್ರವಾಗಿ ಬಿಡಿಸುವ ಕೆಲಸವನ್ನು ಗ್ರಾಫಿಕ್ಸ್ ಚಿಪ್‌ಗೆ ಒಪ್ಪಿಸುವುದು) ಆಫ್ ಮಾಡಿ ನೋಡುತ್ತೇನೆ. ಆಗ ಗ್ಲಿಚ್ ಕಾಣದಿದ್ದರೆ ಫೈಲು ಚೆನ್ನಾಗಿಯೇ ಇದೆ, ತೋರಿಸುವ ಕಡೆ ತೊಂದರೆ. ರೆಂಡರ್ ಜೊತೆ ಗುದ್ದಾಡುವ ಅಗತ್ಯವೇ ಇಲ್ಲ.

ಫೈಲಿನಲ್ಲೇ ಇದೆ ಎಂದಾದರೆ, ದೋಷದ ಸುತ್ತಲಿನ ಹತ್ತು ಹದಿನೈದು ಸೆಕೆಂಡನ್ನಷ್ಟೇ ಇನ್ ಮತ್ತು ಔಟ್ ಗುರುತು ಹಾಕಿ ಎರಡು ಸಲ ರೆಂಡರ್ ಮಾಡುತ್ತೇನೆ. ಎರಡನ್ನೂ ಹೊಸ ಟೈಮ್‌ಲೈನ್‌ನಲ್ಲಿ ಒಂದರ ಮೇಲೊಂದು ಇಟ್ಟು, ಮೇಲಿನದರ ಬ್ಲೆಂಡ್ ಮೋಡನ್ನು ‘ಡಿಫರೆನ್ಸ್’ ಮಾಡಿದರೆ ಸಾಕು. ಎರಡೂ ಒಂದೇ ಆಗಿದ್ದರೆ ಪರದೆ ಪೂರ್ತಿ ಕಪ್ಪು. ಬೇರೆ ಇದ್ದ ಕಡೆ ಬೆಳಕು ಕಾಣುತ್ತದೆ. ಗೇನ್ ಏರಿಸಿದರೆ ಸಣ್ಣ ವ್ಯತ್ಯಾಸವೂ ಎದ್ದು ಬರುತ್ತದೆ. ಗ್ರೇನ್‌ನಂಥ (ಚಿತ್ರದ ಮೇಲೆ ಸಣ್ಣ ಚುಕ್ಕೆ ಉದುರಿಸುವ) ಎಫೆಕ್ಟ್ ಹಾಕಿದ್ದರೆ ಪರೀಕ್ಷೆಯ ಮಟ್ಟಿಗೆ ತೆಗೆದಿಡಬೇಕು, ಪ್ರತಿ ರೆಂಡರ್‌ಗೂ ಬೇರೆ ಚುಕ್ಕೆ ಚೆಲ್ಲುವಂಥವೂ ಇವೆ. ಕಮಾಂಡ್ ಲೈನ್ ರೂಢಿಯಿದ್ದವರಿಗೆ ಎಫ್‌ಎಫ್‌ಎಂಪೆಗ್ ಎಂಬ ವಿಡಿಯೊ ಸಾಧನದ ‘ಫ್ರೇಮ್‌ಎಂಡಿ5’ ಇದೆ. ಅದು ಪ್ರತಿ ಫ್ರೇಮಿಗೂ ಒಂದು ಗುರುತುಸಂಖ್ಯೆ ಬರೆದುಕೊಡುತ್ತದೆ, ಎರಡು ಪಟ್ಟಿ ಹೋಲಿಸಿದರೆ ಯಾವ ಫ್ರೇಮ್ ಬೇರೆ ಎಂಬುದು ಕಣ್ಣಿಗೆ ಶ್ರಮವಿಲ್ಲದೆ ತಿಳಿಯುತ್ತದೆ.

ಎರಡೂ ಸಲ ಅದೇ ಫ್ರೇಮಿನಲ್ಲಿ ಅದೇ ಗ್ಲಿಚ್ ಬಂದರೆ ಕಾರಣ ಮೂಲ ಫುಟೇಜಿನಲ್ಲೋ ಪ್ರಾಜೆಕ್ಟಿನಲ್ಲೋ ಇದೆ. ಜಾಗ ಬದಲಿಸಿದರೆ ಯಂತ್ರದ ಕಡೆ ನೋಡಬೇಕು. ನಾಟಕದ ವಿಡಿಯೊದಲ್ಲಿ ಮೂರೂ ದೋಷಗಳು ನಿಂತಲ್ಲೇ ನಿಂತಿದ್ದವು.

ಹಸಿರಿಗೆ ಒಂದು ಅರ್ಥವಿದೆ. ವಿಡಿಯೊ ಫೈಲಿನಲ್ಲಿ ಬಣ್ಣ ಕೆಂಪು, ಹಸಿರು, ನೀಲಿಯಾಗಿ ಕೂತಿರುವುದಿಲ್ಲ. ಒಂದು ಹೊಳಪಿನ ಸಂಖ್ಯೆ, ಎರಡು ಬಣ್ಣವ್ಯತ್ಯಾಸದ ಸಂಖ್ಯೆಗಳಾಗಿ ಇರುತ್ತದೆ. 8 ಬಿಟ್‌ನಲ್ಲಿ (0ಯಿಂದ 255ರವರೆಗಿನ ಸಂಖ್ಯೆ) ಆ ಎರಡು ಸಂಖ್ಯೆಗಳು 128 ಇದ್ದರೆ ಬಣ್ಣವಿಲ್ಲ ಎಂದರ್ಥ. ಮಾಹಿತಿ ಬಾರದೆ ಮೂರೂ ಸೊನ್ನೆಯಾಗಿ ಉಳಿದರೆ, ಅದನ್ನು ಪರದೆಯ ಬಣ್ಣಕ್ಕೆ ತಿರುಗಿಸಿದಾಗ ಸಿಗುವುದು ಕಪ್ಪಲ್ಲ, ಹಸಿರು. ಹಾಗಾಗಿ ಹಸಿರು ಚೌಕ ಕಂಡರೆ ನಾನು ಕಲರ್ ಗ್ರೇಡಿಂಗ್ (ಬಣ್ಣ ಹದಗೊಳಿಸುವ ಹಂತ) ಕಡೆ ತಿರುಗಿಯೂ ನೋಡುವುದಿಲ್ಲ. ಡಿಕೋಡರ್‌ಗೆ ಆ ಜಾಗದ ಚಿತ್ರ ಸಿಕ್ಕಿಲ್ಲ, ಅಷ್ಟೇ. (ಚಿತ್ರದ ತಳದಲ್ಲಿ ಸಪೂರ ಹಸಿರು ಪಟ್ಟಿಯೊಂದು ಕಾಣುವುದೂ ಇದೇ ಜಾತಿ. ಎಚ್.264 ಎಂಬ ಕೋಡೆಕ್ ಚಿತ್ರವನ್ನು 16×16ರ ಚೌಕಗಳಾಗಿ ಕತ್ತರಿಸುತ್ತದೆ. 1080 ಅದರಿಂದ ಭಾಗವಾಗುವುದಿಲ್ಲ, ಆದ್ದರಿಂದ 1088 ಸಾಲು ಬರೆದು 8 ಸಾಲನ್ನು ಮರೆಮಾಡಲು ಹೇಳಿರುತ್ತದೆ. ಆ ಮಾತನ್ನು ಯಾವುದಾದರೂ ಪ್ಲೇಯರ್ ಕೇಳದಿದ್ದರೆ ಪಟ್ಟಿ ಹೊರಬೀಳಬಹುದು.)

ನನ್ನ ಹಸಿರು ಚೌಕಗಳು ಪ್ರತಿ ಸಲವೂ ಫೋನಿನ ಕ್ಲಿಪ್‌ಗೆ ಕಟ್ ಆದ ಕೂಡಲೇ ಶುರುವಾಗಿ, ಸ್ವಲ್ಪ ಹೊತ್ತಿಗೆ ತಾವಾಗಿಯೇ ಸರಿಹೋಗುತ್ತಿದ್ದವು. ಇದೇ ಸುಳಿವು. ಎಚ್.264, ಎಚ್‌ಇವಿಸಿಯಂಥ ಕೋಡೆಕ್‌ಗಳು ಸಾಮಾನ್ಯವಾಗಿ ಪ್ರತಿ ಫ್ರೇಮನ್ನೂ ಪೂರ್ತಿಯಾಗಿ ಉಳಿಸುವುದಿಲ್ಲ. ಆಗೊಂದು ಈಗೊಂದು ಕೀಫ್ರೇಮ್ ಮಾತ್ರ ಪೂರ್ಣ ಚಿತ್ರ. ನಡುವಿನವುಗಳಲ್ಲಿ ಇರುವುದು ಅಕ್ಕಪಕ್ಕದ ಫ್ರೇಮಿಗಿಂತ ಏನು ಬದಲಾಯಿತು ಎಂಬ ವಿವರ. ನಾವು ಕಟ್ ಮಾಡುವುದು ನಟನ ಮಾತು ನೋಡಿ, ಕೀಫ್ರೇಮ್ ನೋಡಿ ಅಲ್ಲವಲ್ಲ. ಕಟ್ ಎರಡು ಕೀಫ್ರೇಮ್‌ಗಳ ನಡುವೆ ಬಿದ್ದಾಗ ಡಿಕೋಡರ್ ಹಿಂದಿನ ಕೀಫ್ರೇಮ್‌ಗೆ ಹೋಗಿ ಅಲ್ಲಿಂದ ಚಿತ್ರ ಕಟ್ಟಿಕೊಂಡು ಬರಬೇಕು. ಅದು ಎಲ್ಲೋ ತಪ್ಪಿದರೆ ಮುಂದಿನ ಕೀಫ್ರೇಮ್ ಬರುವವರೆಗೂ ಚಿತ್ರ ಹರಿದೇ ಇರುತ್ತದೆ.

ಹಾಗಾದರೆ ಟೈಮ್‌ಲೈನ್‌ನಲ್ಲಿ ಯಾಕೆ ಕಾಣಲಿಲ್ಲ? ಎಡಿಟ್ ಮಾಡುವಾಗ ಓಡುತ್ತಿದ್ದದ್ದು ಪ್ರಾಕ್ಸಿ, ಅಂದರೆ ಹಗುರವಾದ ನಕಲು. ರೆಂಡರ್ ಮಾತ್ರ ಮೂಲ ಫೈಲಿನಿಂದ. ಪ್ರಾಕ್ಸಿ ಆಫ್ ಮಾಡಿ ಅದೇ ಕಟ್ ಮೇಲೆ ಓಡಿಸಿದಾಗ ಹಸಿರು ಟೈಮ್‌ಲೈನ್‌ನಲ್ಲೂ ಪ್ರತ್ಯಕ್ಷವಾಯಿತು. ರೆಂಡರ್ ಬಗ್ಗೆ ದೂರುವ ಮೊದಲು ಪ್ರಾಕ್ಸಿ ಆಫ್ ಮಾಡಿ ನೋಡುವುದು ಎಲ್ಲಕ್ಕಿಂತ ಅಗ್ಗದ ಪರೀಕ್ಷೆ. ಹಳೆಯ ರೆಂಡರ್ ಕ್ಯಾಶ್ (ಸಾಫ್ಟ್‌ವೇರ್ ಮೊದಲೇ ಲೆಕ್ಕಹಾಕಿ ಉಳಿಸಿಟ್ಟ ತಾತ್ಕಾಲಿಕ ಫೈಲು) ಅಳಿಸುವುದೂ ಅದೇ ಸಾಲಿನದು.

ಫೈಲಿನ ವಿವರ ತೋರಿಸುವ ಮೀಡಿಯಾಇನ್ಫೋ ಸಾಫ್ಟ್‌ವೇರ್‌ನಲ್ಲಿ ಫೋನಿನ ಕ್ಲಿಪ್ ತೆರೆದಾಗ ಇನ್ನೊಂದು ವಿಷಯ ಕಂಡಿತು: ಫ್ರೇಮ್‌ರೇಟ್ (ಸೆಕೆಂಡಿಗೆ ಎಷ್ಟು ಫ್ರೇಮ್) ಮೋಡ್ ‘ವೇರಿಯಬಲ್’, ಅಂದರೆ ಒಂದೇ ಸಮ ಇಲ್ಲ. ಬೆಳಕು ಕಡಿಮೆಯಾದಾಗ ಫ್ರೇಮ್‌ರೇಟ್ ತಗ್ಗಿಸುವ ಫೋನ್‌ಗಳುಂಟು, ನಾಟಕದಲ್ಲಿ ಬೆಳಕು ಏರುತ್ತ ಇಳಿಯುತ್ತಲೇ ಇರುತ್ತದೆ. ಎಡಿಟಿಂಗ್ ಸಾಫ್ಟ್‌ವೇರ್ ಬಯಸುವುದು ಸಮನಾದ ಹೆಜ್ಜೆ. ಎರಡಕ್ಕೂ ಮದ್ದು ಒಂದೇ ಆಯಿತು. ಎಫ್‌ಎಫ್‌ಎಂಪೆಗ್‌ನಲ್ಲಿ ಆ ಕ್ಲಿಪ್‌ಗಳನ್ನು ಸ್ಥಿರ 29.97 ಫ್ರೇಮ್‌ರೇಟಿಗೆ, ಪ್ರೊರೆಸ್ 422 ಎಂಬ ಎಡಿಟಿಂಗ್ ಕೋಡೆಕ್‌ಗೆ ಬದಲಿಸಿ ಪ್ರಾಜೆಕ್ಟಿಗೆ ಮರುಜೋಡಿಸಿದೆ. ಪ್ರೊರೆಸ್‌ನಲ್ಲಾಗಲಿ ಅದರಂಥದ್ದೇ ಆದ ಡಿಎನ್ಎಕ್ಸ್‌ಎಚ್‌ಆರ್‌ನಲ್ಲಾಗಲಿ ಪ್ರತಿ ಫ್ರೇಮೂ ಸ್ವತಂತ್ರ, ಎಲ್ಲಿ ಕತ್ತರಿಸಿದರೂ ಹಿಂದೆ ಮುಂದೆ ನೋಡುವ ಹಂಗಿಲ್ಲ. ಜಾಗ ಮಾತ್ರ ಬೇಕು: 1080 ಸಾಲಿನ ಚಿತ್ರಕ್ಕೆ 29.97ರಲ್ಲಿ ಸೆಕೆಂಡಿಗೆ ಸುಮಾರು 147 ಮೆಗಾಬಿಟ್, ಗಂಟೆಗೆ ಸುಮಾರು 66 ಜಿಬಿ. ಬದಲಿಸಿದ ಮೇಲೆ ಉದ್ದದ ಕ್ಲಿಪ್‌ನ ಕೊನೆಯಲ್ಲಿ ತುಟಿಗೂ ಮಾತಿಗೂ ಹೊಂದಿಕೆಯಿದೆಯೇ ಎಂದು ನೋಡಲೇಬೇಕು. ಮೊದಲ ನಿಮಿಷದಲ್ಲಿ ಸರಿಯಿದ್ದು ಆಮೇಲೆ ಜಾರುವುದೇ ಹೆಚ್ಚು.

ಕಪ್ಪು ಫ್ರೇಮ್ ಅಂಥ ದೊಡ್ಡ ರಹಸ್ಯವಲ್ಲ. ಎರಡು ಕ್ಲಿಪ್‌ಗಳ ನಡುವೆ ಉಳಿದುಹೋದ ಒಂದು ಫ್ರೇಮಿನ ಸಂದು. ಆದರೆ ನಾಟಕದಲ್ಲಿ ದೃಶ್ಯ ಬದಲಾದಾಗಲೆಲ್ಲ ರಂಗವೇ ಕತ್ತಲಾಗುತ್ತದೆ, ಯಾವ ಕಪ್ಪು ನಾಟಕದ್ದು, ಯಾವುದು ಸಂದಿನದು? ಎಲ್ಲ ಟ್ರ್ಯಾಕ್‌ಗಳ ಕೆಳಗೆ ಗಾಢ ಗುಲಾಬಿ ಬಣ್ಣದ ಪದರವೊಂದನ್ನು ಉದ್ದಕ್ಕೂ ಹಾಸಿಬಿಟ್ಟೆ. ಸಂದು ಇದ್ದಲ್ಲೆಲ್ಲ ಗುಲಾಬಿ ಇಣುಕಿತು. ಎಫ್‌ಎಫ್‌ಎಂಪೆಗ್‌ನ ‘ಬ್ಲ್ಯಾಕ್‌ಡಿಟೆಕ್ಟ್’ ಕೂಡ ಕಪ್ಪನ್ನು ಹುಡುಕಿಕೊಡುತ್ತದೆ, ಆದರೆ ನಾವು ಬೇರೆ ಹೇಳದಿದ್ದರೆ ಅದು 2 ಸೆಕೆಂಡಿಗಿಂತ ಚಿಕ್ಕ ಕಪ್ಪನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ನೀಲಿ ಪರದೆಯ ಪಟ್ಟೆಗಳು ಲೆಕ್ಕದ ವಿಷಯ. 8 ಬಿಟ್ ಅಂದರೆ 256 ಹಂತ. ಪರದೆಯ ಮೇಲಿನ ಬೆಳಕು ಎಡದಿಂದ ಬಲಕ್ಕೆ ನಿಧಾನವಾಗಿ ಮಾಸುತ್ತ 20 ಹಂತಗಳಷ್ಟೇ ಇಳಿದಿದೆ ಎನ್ನೋಣ. 1920 ಪಿಕ್ಸೆಲ್ ಅಗಲದಲ್ಲಿ ಒಂದೊಂದು ಹಂತಕ್ಕೂ 96 ಪಿಕ್ಸೆಲ್ ಅಗಲದ ಪಟ್ಟೆ ಬರುತ್ತದೆ. ಗ್ರೇಡಿಂಗ್‌ನಲ್ಲಿ ಕಾಂಟ್ರಾಸ್ಟ್ ಎಳೆದರೆ ಅಂಚುಗಳು ಇನ್ನೂ ಎದ್ದು ಕಾಣುತ್ತವೆ. ಇಲ್ಲಿ ಬಿಟ್‌ರೇಟ್ ಎಷ್ಟು ಏರಿಸಿದರೂ ಪ್ರಯೋಜನವಿಲ್ಲ, ಪಟ್ಟೆ ಫೈಲು ಕುಗ್ಗಿಸುವ ಎನ್ಕೋಡರ್‌ನದಲ್ಲ. ಬಿಟ್‌ರೇಟ್ ಸಾಲದೆ ಬರುವ ದೋಷಕ್ಕೆ ನೇರ ಅಂಚಿನ ಚೌಕಗಳಿರುತ್ತವೆ, ಮಳೆ, ಹೊಗೆ, ಎರಚಿದ ಹೂವಿನಂಥ ಗಲಿಬಿಲಿಯ ಚಿತ್ರದಲ್ಲಿ ಅದು ಹೆಚ್ಚು. ಪಟ್ಟೆಗಾದರೆ ಬೆಳಕು ಹರಿದ ದಿಕ್ಕಿನ ಬಾಗು ಇರುತ್ತದೆ. ಮಾಸ್ಟರನ್ನು (ಮುಂದಿನ ನಕಲುಗಳಿಗೆಲ್ಲ ಮೂಲವಾಗುವ ಉತ್ತಮ ಗುಣಮಟ್ಟದ ರೆಂಡರ್) 10 ಬಿಟ್‌ನಲ್ಲಿ ತೆಗೆದೆ; ಅಲ್ಲಿ 1024 ಹಂತ. ಮೂಲ ಫುಟೇಜ್ 8 ಬಿಟ್ ಆದ್ದರಿಂದ ಅದರಿಂದ ಗ್ರೇಡಿಂಗ್‌ನ ಗಾಯ ಮಾತ್ರ ಕಡಿಮೆಯಾಯಿತು. ಪಟ್ಟೆಯನ್ನು ನಿಜವಾಗಿ ಕರಗಿಸಿದ್ದು ಪರದೆಯ ಭಾಗಕ್ಕಷ್ಟೇ ಮಾಸ್ಕ್ ಹಾಕಿ ಉದುರಿಸಿದ ತೆಳು ಗ್ರೇನ್.

ಜಾಗ ಬದಲಿಸುವ ಗ್ಲಿಚ್ ನನಗೆ ಎದುರಾದದ್ದು ಬೇರೊಂದು ಕೆಲಸದಲ್ಲಿ. 4ಕೆ ಟೈಮ್‌ಲೈನ್, ಚಿತ್ರದ ಕಾಳುಕಾಳು ತೆಗೆಯುವ ನಾಯ್ಸ್ ರಿಡಕ್ಷನ್ ಎಫೆಕ್ಟ್. ಪ್ರತಿ ರೆಂಡರ್‌ಗೂ ಬಣ್ಣದ ಚುಕ್ಕೆಗಳು ಹೊಸ ಹೊಸ ಜಾಗದಲ್ಲಿ. ಜಿಪಿಯು (ಗ್ರಾಫಿಕ್ಸ್ ಚಿಪ್) ಬಿಟ್ಟು ಮುಖ್ಯ ಪ್ರೊಸೆಸರ್ ಆದ ಸಿಪಿಯುನಿಂದ ಆ ತುಂಡನ್ನು ರೆಂಡರ್ ಮಾಡಿದಾಗ ಚುಕ್ಕೆಯಿಲ್ಲ, ಆಮೆನಡಿಗೆಯಲ್ಲಿ ಮುಗಿಯಿತು ಅಷ್ಟೇ. 4ಕೆ ಫ್ರೇಮ್ ಒಂದನ್ನು 32 ಬಿಟ್ ಫ್ಲೋಟ್‌ನಲ್ಲಿ, ನಾಲ್ಕು ಚಾನೆಲ್‌ಗಳೊಂದಿಗೆ ಹಿಡಿದಿಡಲು ಸುಮಾರು 133 ಎಂಬಿ ಬೇಕು. ನಾಯ್ಸ್ ರಿಡಕ್ಷನ್ ಹಿಂದಿನ ಐದು, ಮುಂದಿನ ಐದು ಫ್ರೇಮ್ ನೋಡಿದರೆ ಅದೊಂದಕ್ಕೇ ಸುಮಾರು ಒಂದೂವರೆ ಜಿಬಿ ವಿಡಿಯೊ ಮೆಮೊರಿ ಹೋಗುತ್ತದೆ. ಎಫೆಕ್ಟ್ ನೋಡುವ ಫ್ರೇಮ್‌ಗಳನ್ನು ಕಡಿಮೆ ಮಾಡಿ, ಓವರ್‌ಕ್ಲಾಕ್ (ಚಿಪ್ಪನ್ನು ನಿಗದಿಗಿಂತ ವೇಗವಾಗಿ ಓಡಿಸುವ ಸೆಟ್ಟಿಂಗ್) ತೆಗೆದು, ಜಿಪಿಯುನ ಹಿಂದಿನ ಡ್ರೈವರ್‌ಗೆ ಮರಳಿದ ಮೇಲೆ ಚುಕ್ಕೆ ನಿಂತಿತು. ಮೂರನ್ನೂ ಒಟ್ಟಿಗೆ ಮಾಡಿದ್ದರಿಂದ ಯಾವುದು ಕೆಲಸ ಮಾಡಿತೆಂದು ಬಿಡಿಸಿ ಹೇಳಲಾರೆ, ಗಡುವು ಹತ್ತಿರವಿತ್ತು. ಸಿಪಿಯುನಿಂದಲೂ ಚುಕ್ಕೆ ಬಂದಿದ್ದರೆ ಮೆಮ್‌ಟೆಸ್ಟ್86 ಹಾಕಿ ರ‍್ಯಾಮ್ ಪರೀಕ್ಷಿಸುತ್ತಿದ್ದೆ.

ಈಗ ನಾನು ಟೈಮ್‌ಲೈನ್‌ನಿಂದ ನೇರವಾಗಿ ಎಚ್.264 ತೆಗೆಯುವುದಿಲ್ಲ. ಮೊದಲು ಪ್ರೊರೆಸ್ ಮಾಸ್ಟರ್, ಅದರಿಂದ ಎಚ್.264. ಮಾಸ್ಟರ್ ಶುದ್ಧವಾಗಿದ್ದು ಎಚ್.264ರಲ್ಲಿ ಗ್ಲಿಚ್ ಇದ್ದರೆ ಪ್ರಾಜೆಕ್ಟನ್ನು ತೆರೆಯಬೇಕಾಗಿಯೇ ಇಲ್ಲ. ಮಾಸ್ಟರ್‌ನಲ್ಲೇ ಇದ್ದರೆ ಹಾಳಾದ ಕೆಲವು ಸೆಕೆಂಡುಗಳನ್ನಷ್ಟೇ ಮತ್ತೆ ರೆಂಡರ್ ಮಾಡಿ, ಅದೇ ಕೋಡೆಕ್, ಅದೇ ಸೆಟ್ಟಿಂಗ್‌ನಲ್ಲಿ, ಮಾಸ್ಟರ್‌ನ ಆ ಜಾಗಕ್ಕೆ ತೇಪೆ ಹಾಕುತ್ತೇನೆ. ನಾಟಕದ ಕಡತ ತಲುಪಿಸಿದ ಮೇಲೆ ನಿರ್ದೇಶಕರು ಒಂದು ಹೆಸರಿನ ಕಾಗುಣಿತ ತಿದ್ದಲು ಹೇಳಿದಾಗಲೂ ಹೀಗೇ ಮಾಡಿದೆ. ಇಡೀ ಒಂದೂವರೆ ಗಂಟೆಯನ್ನು ಮತ್ತೆ ರೆಂಡರ್‌ಗೆ ಬಿಡಲಿಲ್ಲ.